ಗುಬ್ಬಕ್ಕ ಬಾಗಿಲು ತೆರೆಯುವವರೆಗೆ

ನನ್ನ ಫೋನಿನಲ್ಲಿ ಆರು ನಿಮಿಷ ಇಪ್ಪತ್ತು ಸೆಕೆಂಡಿನ ಒಂದು ಆಡಿಯೊ ಮೂರು ವರ್ಷದಿಂದ ಬಿದ್ದಿತ್ತು. ಅದರಲ್ಲಿ ನಮ್ಮಜ್ಜಿ ಕಾಗಕ್ಕ ಗುಬ್ಬಕ್ಕನ ಕತೆ ಹೇಳುತ್ತಾಳೆ. ಹಿಂದೆ ಫ್ಯಾನು ಗರಗರ ತಿರುಗುತ್ತಿರುತ್ತದೆ, ನಡುವೆ ಒಮ್ಮೆ ಕುಕ್ಕರು ಸೀಟಿ ಹೊಡೆಯುತ್ತದೆ, ಕೊನೆಗೆ ಅಜ್ಜಿ "ಅಷ್ಟಾ, ಕತಿ ಮುಗೀತು, ಏಳಿನ್ನ" ಅನ್ನುತ್ತಾಳೆ. ಪುಣೆಯಲ್ಲಿರುವ ಅಕ್ಕನ ಮಗಳು ರಜೆಗೆ ಬಂದಾಗ ಅದನ್ನು ಕೇಳಿಸಿದೆ. ಎರಡು ನಿಮಿಷ ಕೇಳಿ, "ಮಾಮಾ, ಚಿತ್ರ ಎಲ್ಲಿ?" ಎಂದಳು. ಆ ಚಿತ್ರ ಮಾಡಲು ನನಗೆ ಹನ್ನೊಂದು ತಿಂಗಳು ಹಿಡಿಯಿತು.

ನಾನು ಹಾವೇರಿಯಲ್ಲಿ ಡಿಟಿಪಿ ಮಾಡುವವನು. ಲಗ್ನಪತ್ರಿಕೆ, ತೊಟ್ಟಿಲ ಕಾರ್ಯಕ್ರಮದ ಕಾರ್ಡು, ಜಾತ್ರೆಯ ಕರಪತ್ರ, ಅಂಗಡಿಯ ಬಿಲ್ ಬುಕ್ಕು, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಚಿತ್ರ ಬಿಡಿಸಲು ಕೈ ಬರುತ್ತದೆ, ಬಿಡಿಸಿದ್ದನ್ನು ನಡೆಸುವುದು ಗೊತ್ತಿರಲಿಲ್ಲ. ಅಂಗಡಿಯ ಕಂಪ್ಯೂಟರು 2013ರದು, 8 ಜಿಬಿ ರ‍್ಯಾಮು, ಬೇರೆ ಗ್ರಾಫಿಕ್ಸ್ ಕಾರ್ಡು ಇಲ್ಲ. ಆನಿಮೇಶನ್ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ಶಕ್ತಿ ನನಗಿಲ್ಲ. ಕ್ರ್ಯಾಕ್ ಮಾಡಿದ್ದನ್ನು ಹಾಕಿಕೊಳ್ಳುವುದನ್ನಂತೂ ಯಾವಾಗಲೋ ಬಿಟ್ಟಿದ್ದೆ. ಹಿಂದೊಮ್ಮೆ ಅಂಥದೇ ಒಂದರ ಜೊತೆ ಬಂದ ವೈರಸ್ಸು ಮದುವೆ ಸೀಸನ್ನಿನಲ್ಲಿ ನಾಲ್ಕು ತಿಂಗಳ ಫೈಲಿಗೆಲ್ಲ ಬೀಗ ಜಡಿದಿತ್ತು. ಒಂಬತ್ತು ಮನೆಯ ಲಗ್ನಪತ್ರಿಕೆಯನ್ನು ರಾತ್ರಿಯೆಲ್ಲ ಕೂತು ಮತ್ತೆ ಮೊದಲಿನಿಂದ ಹೊಡೆದಿದ್ದೆ. ಆ ರಾತ್ರಿಗಳನ್ನು ಮರೆತಿಲ್ಲ.

ಹಾಗಾಗಿ ಕಾನೂನಿನ ಪ್ರಕಾರವೇ ಪುಕ್ಕಟೆ ಸಿಗುವುದು ಏನಿದೆ ಎಂದು ಹುಡುಕಿದೆ. ಎಲ್ಲಿ ಹುಡುಕಿದರೂ ಮೊದಲು ಸಿಗುವ ಹೆಸರು ಬ್ಲೆಂಡರ್. ಅದರ ಹಿಂದಿನ ಕತೆ ಓದಿದಾಗ ನನಗೆ ಆ ಸಾಫ್ಟ್‌ವೇರಿನ ಮೇಲೆ ಒಂದು ಥರದ ಗೌರವ ಬಂತು. ಅದನ್ನು ಮಾಡುತ್ತಿದ್ದ ಕಂಪನಿ 2002ರಲ್ಲಿ ಮುಚ್ಚಿಹೋಯಿತು. ಅದನ್ನು ಕಟ್ಟಿದ ಟಾನ್ ರೂಸೆಂಡಾಲ್ ಎಂಬ ಡಚ್ಚರವರು, ಒಂದು ಲಕ್ಷ ಯೂರೊ ಕೊಟ್ಟರೆ ಬ್ಲೆಂಡರಿನ ಮೂಲ ಕೋಡನ್ನು ಎಲ್ಲರಿಗೂ ಬಿಟ್ಟುಕೊಡುತ್ತೇವೆ ಎಂದು ಹೂಡಿಕೆದಾರರಿಂದ ಒಪ್ಪಿಗೆ ಪಡೆದರು. ಬಳಸುವವರೇ ಚಂದಾ ಹಾಕಿ ಏಳು ವಾರದಲ್ಲಿ ಅಷ್ಟು ಹಣ ಕೂಡಿಸಿದರು. ನಮ್ಮೂರ ಗುಡಿಯ ಶಿಖರಕ್ಕೆ ಪಟ್ಟಿ ಎತ್ತಿದ ಹಾಗೆಯೇ. ನಾನು ಕೆಲಸ ಶುರುಮಾಡಿದ ಕೆಲವು ತಿಂಗಳಿಗೆ, 2025ರ ಮಾರ್ಚಿನಲ್ಲಿ, ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೊಡಿಸ್ ಇದೇ ಬ್ಲೆಂಡರಿನಲ್ಲಿ ಮಾಡಿದ, ಮಾತೇ ಇಲ್ಲದ ಬೆಕ್ಕಿನ ಚಿತ್ರಕ್ಕೆ ಆಸ್ಕರ್ ಬಂತು. ಅವರಿಗೆ ಸಿಕ್ಕ ಸಲಕರಣೆಯೇ ನನಗೂ ಸಿಕ್ಕಿದೆ ಎಂಬುದು ಎಷ್ಟೋ ದಿನ ನನ್ನನ್ನು ಕುರ್ಚಿಯಿಂದ ಏಳದಂತೆ ಹಿಡಿದು ಕೂರಿಸಿತು.

ಆದರೆ ನನ್ನ ಕಂಪ್ಯೂಟರಿನಲ್ಲಿ ಹೊಸ ಬ್ಲೆಂಡರ್ ತೆರೆಯಲೇ ಇಲ್ಲ. 4.0ರಿಂದ ಮುಂದಿನ ಆವೃತ್ತಿಗಳಿಗೆ ಪರದೆಯ ಮೇಲೆ ಚಿತ್ರ ಮೂಡಿಸುವ ಓಪನ್‌ಜಿಎಲ್ ಎಂಬ ವ್ಯವಸ್ಥೆಯ 4.3 ಬೇಕು, ನನ್ನ ಹಳೆಯ ಗ್ರಾಫಿಕ್ಸಿಗೆ ಅಷ್ಟು ಬರುವುದಿಲ್ಲ. ಬ್ಲೆಂಡರಿನವರು ಹಳೆಯ ಆವೃತ್ತಿಗಳನ್ನೂ ಸಾಲಾಗಿ ಇಟ್ಟಿದ್ದಾರೆ. 3.6 ಇಳಿಸಿಕೊಂಡೆ, ತೆರೆಯಿತು. ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಇದು ನಮಗಾಗದು ಎಂದು ಕೂತವರಿಗೆ ಈ ಒಂದು ಸಂಗತಿ ಗೊತ್ತಾದರೆ ಸಾಕು.

ಕಲಿಯಲು ಶುರುಮಾಡಿದ್ದು ಎಲ್ಲರಂತೆ ಡೋನಟ್ಟಿನಿಂದ, ಎಂದರೆ ನಡುವೆ ತೂತಿರುವ ಆ ಸಿಹಿ ತಿಂಡಿಯನ್ನು ಪರದೆಯ ಮೇಲೆ ಮಾಡುವುದರಿಂದ. ಬ್ಲೆಂಡರ್ ಗುರು ಎಂಬ ಚಾನೆಲ್ಲಿನ ಆ ಪಾಠಮಾಲೆ ಜಗತ್ತಿಗೆಲ್ಲ ಬ್ಲೆಂಡರಿನ ಒಂದನೇ ಇಯತ್ತೆ. ಅಂಗಡಿ ಮುಚ್ಚಿದ ಮೇಲೆ ಹನ್ನೆರಡು ಸಂಜೆ ಕೂತೆ. ಜಿ ಒತ್ತಿದರೆ ವಸ್ತು ಸರಿಯುತ್ತದೆ, ಆರ್ ಒತ್ತಿದರೆ ತಿರುಗುತ್ತದೆ, ಎಸ್ ಒತ್ತಿದರೆ ಹಿಗ್ಗುತ್ತದೆ, ಐ ಒತ್ತಿದರೆ ಆ ಕ್ಷಣದ ಭಂಗಿ ನೆನಪಾಗಿ ಉಳಿಯುತ್ತದೆ. ಆ ನಾಲ್ಕು ಅಕ್ಷರ ಬೆರಳಿಗೆ ಹತ್ತಿದ್ದು ಡೋನಟ್ಟಿನಿಂದಲೇ. ಆದರೆ ಇಂಗ್ಲಿಷ್ ಪಾಠವನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದರಲ್ಲಿ ಅರ್ಧ ಸಂಜೆ ಹೋಗುತ್ತಿತ್ತು. ಆಗ ನೆರವಿಗೆ ಬಂದದ್ದು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ಹತ್ತು ನಿಮಿಷದ ಆಸುಪಾಸಿನ ಪುಟ್ಟ ಪಾಠಗಳು. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ನಮ್ಮ ಕೆಲಸ ಇಟ್ಟುಕೊಂಡು ಜೊತೆಜೊತೆಗೆ ಮಾಡುತ್ತ ಹೋಗುವ ಕ್ರಮ. ಭಾರತದ ಭಾಷೆಗಳಲ್ಲಿ ಧ್ವನಿ ಕೊಡುವುದು ಅವರ ಕೆಲಸದ ಮುಖ್ಯ ಭಾಗ, ಕನ್ನಡದಲ್ಲೂ ಪಾಠಗಳಿವೆ. ನಮ್ಮ ಭಾಷೆಯಲ್ಲಿ ಒಬ್ಬರು ನಿಧಾನಕ್ಕೆ "ಈಗ ಇಲ್ಲಿ ಕ್ಲಿಕ್ ಮಾಡಿ" ಎಂದಾಗ ಮನಸ್ಸಿಗೆ ಆಗುವ ಸಮಾಧಾನವೇ ಬೇರೆ.

ಕತೆ ಕಟ್ಟುವುದನ್ನು ಕಲಿತದ್ದು ಖಾನ್ ಅಕಾಡೆಮಿಯಲ್ಲಿ. ಪಿಕ್ಸಾರ್ ಸ್ಟುಡಿಯೊದವರು ಅವರ ಜೊತೆ ಸೇರಿ 2015ರಿಂದ ನಡೆಸಿಕೊಂಡು ಬಂದ ಉಚಿತ ಪಾಠಗಳಿವೆ. ದೊಡ್ಡ ದೊಡ್ಡ ಚಿತ್ರ ಮಾಡಿದವರೇ ಕೂತು, ಕಡ್ಡಿ ಗೊಂಬೆ ಬಿಡಿಸಿದರೂ ಸಾಕು, ಮೊದಲು ಕತೆಯನ್ನು ಚಿತ್ರಗಳ ಸಾಲಾಗಿ ಗೋಡೆಗೆ ಹಚ್ಚಿ ನೋಡಿ ಎನ್ನುತ್ತಾರೆ. ನಮ್ಮ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಕತ್ತರಿಸಿ ಉಳಿದ ಕಾರ್ಡಿನ ಪಟ್ಟಿಗಳು ಗೋಣಿಚೀಲದ ತುಂಬ ಇರುತ್ತವೆ. ಅವುಗಳ ಹಿಂಬದಿಯಲ್ಲಿ ನಲವತ್ತಾರು ಚಿತ್ರ ಬಿಡಿಸಿ ಅಂಗಡಿಯ ನೆಲದ ಮೇಲೆ ಹರಡಿದೆ. ಒಂದೊಂದರ ಫೋಟೊ ತೆಗೆದು, ಕೆಡೆನ್‌ಲೈವ್ ಎಂಬ ಉಚಿತ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅಜ್ಜಿಯ ದನಿಯ ಮೇಲೆ ಜೋಡಿಸಿದೆ. ನಿಂತ ಚಿತ್ರಗಳ ಆ ಸಾಲು ನೋಡಿದಾಗಲೇ ಕತೆಯ ಮೈ ಎಲ್ಲಿ ಸಡಿಲ ಎನ್ನುವುದು ಕಂಡದ್ದು. ಕತ್ತರಿಸುತ್ತ ಹೋಗಿ ಆರು ನಿಮಿಷದ್ದು ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಬಂತು. ಈ ಹೆಜ್ಜೆ ಬಿಟ್ಟಿದ್ದರೆ, ಕೊನೆಗೆ ಎಸೆಯಬೇಕಾದ ಎರಡು ನಿಮಿಷಕ್ಕೂ ಗೊಂಬೆ ಕುಣಿಸುತ್ತ ಕೂರುತ್ತಿದ್ದೆ.

ಅಷ್ಟಾದರೂ ಒಂದು ಪ್ರಶ್ನೆ ಬಾಕಿ ಇತ್ತು. ಕಾಗೆ ಗುಬ್ಬಿ ಹೇಗಿರಬೇಕು? ಡೋನಟ್ ಕಲಿತ ಹುರುಪಿನಲ್ಲಿ ಮೂರು ಆಯಾಮದ ಕಾಗೆ ಮಾಡಲು ಹೋದೆ. ಪ್ಲಾಸ್ಟಿಕ್ ಆಟಿಕೆಯಂತೆ ಕಾಣುತ್ತಿತ್ತು, ಅಜ್ಜಿಯ ಮಾತು ಅದರ ಬಾಯಿಗೆ ಹೊಂದಲೇ ಇಲ್ಲ. ಒಂದು ರಾತ್ರಿ ಮಲಗಿದಾಗ ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ನೋಡಿದ ತೊಗಲುಗೊಂಬೆ ಆಟ ನೆನಪಾಯಿತು. ಬಿಳಿ ಪರದೆ, ಹಿಂದೆ ದೀಪ, ತೊಗಲಿನ ಬಣ್ಣ ಬೆಳಕಿನಲ್ಲಿ ಹಣ್ಣಿನ ತಿರುಳಿನಂತೆ ಹೊಳೆಯುತ್ತಿದ್ದದ್ದು, ಕಿಳ್ಳೇಕ್ಯಾತ ಬಂಗಾರಕ್ಕ ಬಂದು ಜಗಳಾಡಿದರೆ ಜನ ಬಿದ್ದು ಬಿದ್ದು ನಗುತ್ತಿದ್ದದ್ದು. ಆ ಗೊಂಬೆಗಳ ತೋಳು, ಮೊಣಕೈ ಬೇರೆ ಬೇರೆ ತುಂಡು. ತೂತು ಕೊರೆದು ದಾರದಿಂದ ಗಂಟು ಹಾಕಿರುತ್ತಾರೆ. ಅದೇ ಆನಿಮೇಶನ್ನಿನಲ್ಲಿ ಕಟ್-ಔಟ್ ಪದ್ಧತಿ. ಜರ್ಮನಿಯ ಲೊಟ್ಟೆ ರೈನಿಗರ್ ಕಪ್ಪು ಕಾಗದ ಕತ್ತರಿಸಿ 1926ರಲ್ಲಿಯೇ ಪೂರ್ಣ ಉದ್ದದ ನೆರಳು ಚಿತ್ರ ಮಾಡಿದ್ದರು. ತೊಗಲುಗೊಂಬೆ ಆಡಿಸುವ ನಮ್ಮ ಗೊಂಬೆರಾಮರು ಆ ವಿದ್ಯೆಯನ್ನು ತಲೆಮಾರುಗಳಿಂದ ಎತ್ತಿನ ಗಾಡಿಯಲ್ಲಿ ಊರೂರು ಹೊತ್ತಿದ್ದಾರೆ. ಬೆಳಗ್ಗೆ ಎದ್ದು ಮೂರು ಆಯಾಮದ ಕಾಗೆಯನ್ನು ಅಳಿಸಿದೆ.

ಗೊಂಬೆ ಬರೆದದ್ದು ಇಂಕ್‌ಸ್ಕೇಪ್ ಎಂಬ, ಚಿತ್ರ ಬಿಡಿಸುವ ಉಚಿತ ಸಾಫ್ಟ್‌ವೇರಿನಲ್ಲಿ. ಲಗ್ನಪತ್ರಿಕೆಯ ಗಣಪತಿ, ಬಾಳೆಕಂಬ ಬಿಡಿಸಿದ ಕೈಗೆ ಅದು ಒಂದೇ ವಾರದಲ್ಲಿ ಒಗ್ಗಿತು. ಕಾಗಕ್ಕನಿಗೆ ಹನ್ನೊಂದು ತುಂಡು: ತಲೆ, ಮೇಲ್ಕೊಕ್ಕು, ಕೆಳಕೊಕ್ಕು, ಕಣ್ಣಿನ ರೆಪ್ಪೆ, ಕತ್ತು, ಮೈ, ರೆಕ್ಕೆಯ ಬುಡ, ರೆಕ್ಕೆಯ ತುದಿ, ಬಾಲ, ಎರಡು ಕಾಲು. ಒಂದೊಂದನ್ನೂ ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ಬ್ಲೆಂಡರಿನ ಜೊತೆಗೇ ಬರುವ ಒಂದು ಆಡ್-ಆನ್ ಮೂಲಕ ತೆಳ್ಳನೆಯ ಹಾಳೆಗಳಾಗಿ ಒಳಗೆ ತಂದೆ. ತಲೆಗೆ ಕೊಕ್ಕು ಮಗು, ಕತ್ತಿಗೆ ತಲೆ ಮಗು, ಮೈಗೆ ಕತ್ತು ಮಗು. ತಾಯಿ ಸರಿದರೆ ಮಗುವೂ ಸರಿಯುತ್ತದೆ. ಇಷ್ಟು ಮಾಡಿ ರೆಕ್ಕೆ ತಿರುಗಿಸಿದರೆ ಅದು ಮೈಯಿಂದ ಕಳಚಿಕೊಂಡು ಗಾಳಿಯಲ್ಲಿ ಗಿರ್ರನೆ ಸುತ್ತಿತು. ಎರಡು ದಿನ ಕಾರಣ ಹೊಳೆಯಲಿಲ್ಲ. ಪ್ರತಿ ತುಂಡಿಗೂ ಒಂದು ಮೂಲಬಿಂದು ಇರುತ್ತದೆ, ತಿರುಗುವುದು ಅದರ ಸುತ್ತ. ಅದು ಹಾಳೆಯ ನಟ್ಟನಡುವೆ ಇತ್ತು, ಇರಬೇಕಾದದ್ದು ಹೆಗಲಿನಲ್ಲಿ. ತೊಗಲುಗೊಂಬೆಯಲ್ಲಿ ದಾರದ ತೂತು ಎಲ್ಲಿರುತ್ತದೋ ಅಲ್ಲಿ. ಹನ್ನೊಂದು ತುಂಡಿಗೂ ಒಂದೊಂದಾಗಿ ಬಿಂದುವನ್ನು ಕೀಲಿಗೆ ಸರಿಸಿದೆ. ಆಮೇಲೆ ರೆಕ್ಕೆ ಎತ್ತಿದಾಗ ಹೆಗಲಿಗೆ ಅಂಟಿಕೊಂಡೇ ಮೇಲೆದ್ದಿತು. ರಾತ್ರಿ ಹನ್ನೊಂದೂವರೆ. ಒಬ್ಬನೇ ಕೂತು ಇಪ್ಪತ್ತು ಸಲವಾದರೂ ಎತ್ತಿ ಇಳಿಸಿರಬೇಕು.

ಇನ್ನೊಂದು ತೊಡಕು, ಇದೇ ದಾರಿಯಲ್ಲಿ ಹೋಗುವವರಿಗೆ ಹೇಳಿಬಿಡುತ್ತೇನೆ. ಹಾಳೆಗಳೆಲ್ಲ ಒಂದೇ ಆಳದಲ್ಲಿದ್ದರೆ ಯಾವುದು ಮುಂದೆ ಯಾವುದು ಹಿಂದೆ ಎಂದು ಕಂಪ್ಯೂಟರಿಗೆ ತಿಳಿಯದೆ ಚಿತ್ರ ಮಿಣಮಿಣ ಮಿನುಗುತ್ತದೆ. ರೆಕ್ಕೆಯನ್ನು ಮೈಗಿಂತ ಕೂದಲೆಳೆಯಷ್ಟು ಮುಂದೆ, ಕಾಲನ್ನು ಅಷ್ಟೇ ಹಿಂದೆ ಸರಿಸಿದರೆ ನಿಲ್ಲುತ್ತದೆ. ಚಲನೆಯ ವಿಷಯಕ್ಕೂ ಒಂದು ಮಾತು. ಎರಡು ಭಂಗಿಗಳ ನಡುವಿನ ದಾರಿಯನ್ನು ಬ್ಲೆಂಡರ್ ತಾನೇ ತುಂಬಿಕೊಡುತ್ತದೆ, ಬೆಣ್ಣೆಯಲ್ಲಿ ಜಾರಿದಷ್ಟು ನುಣುಪಾಗಿ. ನನ್ನ ಕಾಗೆಗೆ ಆ ನುಣುಪು ಬೇಡವಾಗಿತ್ತು. ಸೆಕೆಂಡಿಗೆ 24 ಚೌಕಟ್ಟು ಇದ್ದರೂ ಎರಡೆರಡು ಚೌಕಟ್ಟಿಗೆ ಒಂದೇ ಭಂಗಿ ನಿಲ್ಲುವಂತೆ ಮಾಡುವ ಸ್ಟೆಪ್ಡ್ ಇಂಟರ್‌ಪೊಲೇಶನ್ ಎಂಬ ಏರ್ಪಾಡಿದೆ. ಕೈಯಿಂದ ಬಿಡಿಸುವವರು ಹಿಂದಿನಿಂದಲೂ ಸೆಕೆಂಡಿಗೆ 12 ಚಿತ್ರ ಬಿಡಿಸಿ ಹೀಗೆಯೇ ಮಾಡುತ್ತಾರೆ. ಅದನ್ನು ಹಚ್ಚಿದ ಕೂಡಲೇ ಕಾಗಕ್ಕನ ನಡಿಗೆಯಲ್ಲಿ ಗೊಂಬೆಯಾಟದ ಹದ ಬಂತು.

ಕತೆ ಗೊತ್ತಲ್ಲ: ಕಾಗಕ್ಕನ ಮನೆ ಸೆಗಣಿಯದು, ಗುಬ್ಬಕ್ಕನ ಮನೆ ಕಲ್ಲಿನದು. ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಗುತ್ತದೆ. ಗುಬ್ಬಕ್ಕನ ಬಾಗಿಲಿಗೆ ಬಂದು ಕರೆಯುತ್ತದೆ. "ಗುಬ್ಬಕ್ಕ ಗುಬ್ಬಕ್ಕ, ಬಾಗಲಾ ತಗಿಯವ್ವಾ." ಒಳಗಿಂದ ಉತ್ತರ: "ತಡಿಯವ್ವಾ, ನನ್ನ ಕೂಸಿಗೆ ಎಣ್ಣಿ ಹಚ್ಚಾಕತ್ತೀನಿ." ಮತ್ತೆ ಕರೆ. "ತಡಿಯವ್ವಾ, ಕೂಸಿಗೆ ಎರಿಯಾಕತ್ತೀನಿ." ಮತ್ತೆ. "ತಡಿಯವ್ವಾ, ತೊಟ್ಟಿಲಾ ತೂಗಾಕತ್ತೀನಿ." ಮತ್ತೆ. "ತಡಿಯವ್ವಾ, ಜ್ವಾಳಾ ಬೀಸಾಕತ್ತೀನಿ." ಬಾಯಿಮಾತಿನಲ್ಲಿ ಬೆಳೆದ ಕತೆಯ ಈ ಮರುಕಳಿಕೆ ಒಬ್ಬನೇ ಕೂತು ಆನಿಮೇಶನ್ ಮಾಡುವವನಿಗೆ ದೊಡ್ಡ ವರ. ಬಾಗಿಲ ದೃಶ್ಯವನ್ನು ಒಮ್ಮೆ ಚೆನ್ನಾಗಿ ಮಾಡಿದರೆ ನಾಲ್ಕು ಸಲ ಬರುತ್ತದೆ. ಹಾಗೆಂದು ಇದ್ದದ್ದನ್ನೇ ಅಂಟಿಸಲು ಮನಸ್ಸು ಒಪ್ಪಲಿಲ್ಲ, ಯಾಕೆಂದರೆ ಅಜ್ಜಿ ನಾಲ್ಕು ಸಲವೂ ಒಂದೇ ಥರ ಹೇಳಿಲ್ಲ. ಮೊದಲ ಕರೆಯಲ್ಲಿ ಕಾಗಕ್ಕನಿಗೆ ಬಿಂಕ ಇದೆ, ನಾಲ್ಕನೆಯದರಲ್ಲಿ ದನಿ ನಡುಗುತ್ತದೆ. ಪ್ರತಿ ಸಲ ರೆಕ್ಕೆಯನ್ನು ಆರು ಡಿಗ್ರಿ ಕೆಳಗಿಳಿಸಿದೆ, ಕತ್ತನ್ನು ಸ್ವಲ್ಪ ಒಳಗೆ ಎಳೆದೆ, ಬಾಲ ನೆಲ ತಾಗುವಷ್ಟು ಬಾಗಿಸಿದೆ. ಬಾಗಿಲು ಬಡಿಯುವುದು ಮೊದಲು ಮೂರು ಸಲ, ಕೊನೆಗೆ ಒಂದೇ ಸಲ. ಇಡೀ ಚಿತ್ರದಲ್ಲಿ ನನಗೆ ಅತಿ ಇಷ್ಟದ ಕೆಲಸ ಅದು. ಸಾಫ್ಟ್‌ವೇರಿನಿಂದ ಕಲಿತದ್ದಲ್ಲ, ದನಿಯನ್ನು ಮತ್ತೆ ಮತ್ತೆ ಕೇಳಿ ಬಂದದ್ದು.

ದನಿ ತಿದ್ದಲು ಆಡಾಸಿಟಿ. ಫೋನಿನ ಎಂ4ಎ ಫೈಲು ಅದರಲ್ಲಿ ನೇರವಾಗಿ ತೆರೆಯುವುದಿಲ್ಲ, ಎಫ್‌ಎಫ್‌ಎಂಪೆಗ್ ಎಂಬುದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಫ್ಯಾನಿನ ಸದ್ದು ತೆಗೆಯುವ ಕ್ರಮ ಸರಳ: ಅಜ್ಜಿ ಉಸಿರೆಳೆದುಕೊಳ್ಳುವ ಕಡೆ ಬರೀ ಫ್ಯಾನು ಕೇಳುವ ಅರ್ಧ ಸೆಕೆಂಡನ್ನು ಆರಿಸಿ, ಇದು ಗದ್ದಲದ ಮಾದರಿ ಎಂದು ಗುರುತಿಸಿಕೊಡಬೇಕು, ಆಮೇಲೆ ಇಡೀ ಆಡಿಯೊ ಆರಿಸಿ ಅದನ್ನು ತಗ್ಗಿಸಬೇಕು. ಆಸೆಬಿದ್ದು ಮೊದಲ ಸಲ 24 ಡೆಸಿಬಲ್ ಕೊಟ್ಟೆ. ಫ್ಯಾನು ಪೂರ್ತಿ ಹೋಯಿತು, ಜೊತೆಗೆ ಅಜ್ಜಿಯೂ ಬಾವಿಯೊಳಗಿಂದ ಮಾತಾಡಿದಂತಾದಳು. ಹಲ್ಲಿಲ್ಲದ ಬಾಯಿಯ ಆ ಮೆತ್ತನೆಯ ಸ-ಶ ಎಲ್ಲ ಅಳಿಸಿಹೋಗಿತ್ತು. ಇಳಿಸುತ್ತ ಇಳಿಸುತ್ತ ಒಂಬತ್ತಕ್ಕೆ ನಿಂತೆ. ಫ್ಯಾನು ಸಣ್ಣಗೆ ಕೇಳುತ್ತದೆ, ಇರಲಿ. ಮಳೆ ಸದ್ದಿನಡಿ ಮುಚ್ಚಿಹೋಗುತ್ತದೆ. ಕುಕ್ಕರಿನ ಸೀಟಿ ಇದ್ದ ಜಾಗವನ್ನು ಮಾತ್ರ ಕತ್ತರಿಸಿದೆ.

ಕೊಕ್ಕು ಮಾತಿಗೆ ಹೊಂದಿಕೊಳ್ಳಲು ರುಬಾರ್ಬ್ ಎಂಬ ಪುಟ್ಟ ಉಚಿತ ತಂತ್ರಾಂಶ ಬಳಸಿದೆ. ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಬೇಕು ಎಂದು ಹೆದರಿದ್ದೆ, ಒಂದೇ ಸಾಲು ಅಷ್ಟೆ. ಅದು ಮಾತಿನ ಆಡಿಯೊ ಕೇಳಿ, ಇಷ್ಟನೇ ಸೆಕೆಂಡಿಗೆ ಬಾಯಿ ಈ ಆಕಾರ ಎಂದು ಪಟ್ಟಿ ಬರೆದುಕೊಡುತ್ತದೆ. ತಾನಾಗಿ ಅದು ಇಂಗ್ಲಿಷ್ ಎಂದೇ ಕೇಳಿಸಿಕೊಳ್ಳುತ್ತದೆ. ಬೇರೆ ಭಾಷೆಗೆಂದು ಬರೀ ಉಚ್ಚಾರ ನೋಡುವ ಇನ್ನೊಂದು ಬಗೆ ಇದೆ, ಅದನ್ನು ಆರಿಸಬೇಕು. ಹಾವೇರಿ ಕನ್ನಡಕ್ಕೂ ಅದು ಸಾಕಷ್ಟು ಸರಿಯಾಗಿ ಬರೆದುಕೊಟ್ಟಿತು. ಮನುಷ್ಯರ ತುಟಿಗೆಂದು ಮಾಡಿದ ಆಕಾರಗಳನ್ನು ನಾನು ಕೊಕ್ಕಿಗೆ ಮೂರಕ್ಕೆ ಇಳಿಸಿದೆ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಕಾಗಕ್ಕನಿಗೆ ಅಷ್ಟು ಸಾಕಾಯಿತು.

ಮಳೆ, ಗುಡುಗು, ಕದ ಬಡಿಯುವ ಸದ್ದಿಗೆ ಫ್ರೀಸೌಂಡ್. ಬಾರ್ಸಿಲೋನಾದ ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ವಿಭಾಗದವರು 2005ರಲ್ಲಿ ಶುರುಮಾಡಿದ ಸದ್ದಿನ ಕಣಜ ಅದು. ಜಗತ್ತಿನ ಯಾರು ಯಾರೋ ತಮ್ಮ ಅಂಗಳದ ಮಳೆ, ತಮ್ಮೂರಿನ ರೈಲು, ತಮ್ಮ ಮನೆಯ ಬಾಗಿಲು ರೆಕಾರ್ಡ್ ಮಾಡಿ ಇಟ್ಟಿದ್ದಾರೆ. ಪ್ರತಿಯೊಂದರ ಪಕ್ಕದಲ್ಲಿ ಪರವಾನಗಿಯ ಗುರುತಿರುತ್ತದೆ, ಅದನ್ನು ಓದದೆ ಇಳಿಸಿಕೊಳ್ಳಬಾರದು. ಸಿಸಿ (ಕ್ರಿಯೇಟಿವ್ ಕಾಮನ್ಸ್) ಜೀರೊ ಎಂದಿದ್ದರೆ ಯಾವ ಷರತ್ತೂ ಇಲ್ಲ. ಸಿಸಿ ಬೈ ಎಂದಿದ್ದರೆ ಮಾಡಿದವರ ಹೆಸರು ಹಾಕಬೇಕು. ಅದರ ಮುಂದೆ ಎನ್‌ಸಿ ಎಂದಿದ್ದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ನಾನು ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದು ಸದ್ದು, ಕೊಟ್ಟವರ ಹೆಸರು, ಪರವಾನಗಿ ಬರೆದುಕೊಳ್ಳುತ್ತ ಹೋದೆ. ಇಳಿಸಿಕೊಂಡ ದಿನವೇ ಬರೆಯಬೇಕು. ಮೊದಲ ವಾರ ಬರೆಯದೆ ಬಿಟ್ಟು, ಒಂದು ಒಳ್ಳೆಯ ಗುಡುಗು ಯಾರದೆಂದು ತಿಳಿಯದೆ ಕೊನೆಗೆ ಅದನ್ನು ಕೈಬಿಟ್ಟೆ.

ಎಲ್ಲ ಸಿಕ್ಕಿತು, ಬೀಸುಕಲ್ಲೊಂದು ಸಿಗಲಿಲ್ಲ. ಕಲ್ಲು ತಿರುಗುವ ಸದ್ದು ಎಂದು ಇಂಗ್ಲಿಷಿನಲ್ಲಿ ಏನೇನೋ ಹುಡುಕಿದೆ. ಕಾಫಿ ಬೀಜದ ಯಂತ್ರ, ಚಾಕು ಸಾಣೆ ಹಿಡಿಯುವುದು, ಗಾಳಿಗಿರಣಿ ಬಂದವು. ಗುಬ್ಬಕ್ಕ ಜ್ವಾಳಾ ಬೀಸಾಕತ್ತೀನಿ ಎಂದಾಗ ಬರಬೇಕಾದ ಆ ಗುರ್ರ್ ಗುರ್ರ್ ಇಲ್ಲ. ಕಡೆಗೆ ಒಂದು ಭಾನುವಾರ ಊರಿಗೆ ಹೋದೆ. ನಮ್ಮ ಮನೆಯ ಬೀಸುಕಲ್ಲು ಹಿತ್ತಲಲ್ಲಿ ಬೋರಲು ಬಿದ್ದಿತ್ತು. ತೊಳೆದು ಒಣಗಿಸಿ ಪಡಸಾಲೆಗೆ ತಂದೆ. ಗೂಟ ಕೊಳೆತುಹೋಗಿತ್ತು, ಚಿಕ್ಕಪ್ಪ ಜಾಲಿಯ ಹೊಸ ಗೂಟ ಕೆತ್ತಿ ಬಡಿದುಕೊಟ್ಟರು. ಫ್ಯಾನು ಬಂದ್ ಮಾಡಿ, ನಾಯಿಯನ್ನು ಹೊರಗೆ ಕಳಿಸಿ, ಫೋನನ್ನು ಮಡಿಚಿದ ಟವೆಲಿನ ಮೇಲೆ ಕಲ್ಲಿನಿಂದ ಒಂದು ಗೇಣು ದೂರ ಇಟ್ಟೆ. ನಾನು ಬೀಸಲು ಕೂತೆ. ಅಜ್ಜಿ ಎರಡು ಸುತ್ತು ನೋಡಿ, "ಕಾಳು ಹಾಕದ ಬೀಸಬ್ಯಾಡೋ, ಕಲ್ಲು ಅಳತಾವ" ಎಂದಳು. ಒಂದು ಹಿಡಿ ಜೋಳ ಹಾಕಿದೆವು. ಸದ್ದೇ ಬದಲಾಯಿತು, ಒಣಕಲು ಕಿರಿಕಿರಿ ಹೋಗಿ ತುಂಬಿದ ಗುಡುಗಿನಂತೆ ಕೇಳತೊಡಗಿತು. ಆಮೇಲೆ ಅಜ್ಜಿ ನನ್ನನ್ನು ಸರಿಸಿ ತಾನೇ ಕೂತಳು. 84 ವರ್ಷ. ಒಂದು ಕೈಯಲ್ಲಿ ಗೂಟ, ಒಂದು ಕೈಯಲ್ಲಿ ಕಾಳು, ನಾಲ್ಕನೆಯ ಸುತ್ತಿಗೆ ತಾನಾಗಿ ಪದ ಎತ್ತಿದಳು. ಬೀಸುವ ಪದ. ನಾನು ಹುಟ್ಟಿದ ಮೇಲೆ ಅಜ್ಜಿ ಹಾಡಿದ್ದು ಕೇಳಿರಲಿಲ್ಲ. ಉಸಿರು ಬಿಗಿಹಿಡಿದು ಕೂತಿದ್ದೆ. ಮೂರು ನಿಮಿಷ ಹಾಡಿ, ಸೆರಗಿನಿಂದ ಹಣೆ ಒರೆಸಿಕೊಂಡು, "ನೆಪ್ಪಿಲ್ಲ ಮುಂದಿಂದು" ಎಂದಳು.

ಆ ಪದ ಚಿತ್ರದ ಕೊನೆಗೆ ಬಂತು. ಅಲ್ಲಿ ಮೊದಲು ಬೇರೆ ಸಂಗೀತ ಇತ್ತು. ಪುರಂದರದಾಸರ ಒಂದು ಕೀರ್ತನೆಯ ಹಳೆಯ ಧ್ವನಿಮುದ್ರಿಕೆಯನ್ನು, ದಾಸರು ಕಾಲವಾಗಿ ನಾನೂರೈವತ್ತು ವರ್ಷದ ಮೇಲಾಯಿತಲ್ಲ ಎಂದು ಧೈರ್ಯವಾಗಿ ಹಾಕಿದ್ದೆ. ಪರೀಕ್ಷೆಗೆಂದು ಅಪ್‌ಲೋಡ್ ಮಾಡಿದ ಹತ್ತು ನಿಮಿಷಕ್ಕೆ ಹಕ್ಕುಸ್ವಾಮ್ಯದ ನೋಟಿಸು ಬಂತು. ನೋಟಿಸಿನಲ್ಲಿ ತಪ್ಪೇನಿರಲಿಲ್ಲ, ನಾನು ತಿಳಿದುಕೊಂಡಿರಲಿಲ್ಲ. ನಮ್ಮ 1957ರ ಕಾಯ್ದೆಯ ಪ್ರಕಾರ ಬರೆದವರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದಾಗುತ್ತದೆ. ಆದರೆ ಧ್ವನಿಮುದ್ರಣದ ಹಕ್ಕು ಬೇರೆಯೇ, ಅದು ಹೊರಬಂದ ಮುಂದಿನ ವರ್ಷದಿಂದ 60 ವರ್ಷ. ಕೀರ್ತನೆ ಎಲ್ಲರದು, ಹಾಡಿಸಿ ರೆಕಾರ್ಡ್ ಮಾಡಿದ್ದು ಮಾಡಿದವರದು. ಭಜನೆ, ಜನಪದ ಗೀತೆ ಹಾಕಿ ಚಿತ್ರ ಮಾಡುವ ನಮ್ಮ ಕಡೆಯ ಹುಡುಗರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಕನ್ನಡ ಅಕ್ಷರದ ವಿಷಯ ಹೇಳದೆ ಮುಗಿಸಲಾರೆ. ಬ್ಲೆಂಡರಿನಲ್ಲಿ ಶೀರ್ಷಿಕೆ ಹಾಕಲು ಗುಬ್ಬಕ್ಕ ಎಂದು ಹೊಡೆದೆ. ನಾನು ಬಳಸಿದ ಆವೃತ್ತಿಯಲ್ಲಿ ಒತ್ತಕ್ಷರ ಕೆಳಗಿಳಿಯಲೇ ಇಲ್ಲ. ಬ ಪಕ್ಕಕ್ಕೆ ಇನ್ನೊಂದು ಬ, ಕ ಪಕ್ಕಕ್ಕೆ ಇನ್ನೊಂದು ಕ, ಕೊಂಬು ಎಲ್ಲೋ ಒಂಟಿಯಾಗಿ. ಹದಿನಾಲ್ಕು ವರ್ಷ ಅಕ್ಷರ ಜೋಡಿಸಿ ಉಂಡವನಿಗೆ ಅದನ್ನು ನೋಡಲಾಗಲಿಲ್ಲ. ಯಾವ ಅಕ್ಷರ ಯಾವುದರ ಕೆಳಗೆ ಕೂರಬೇಕು ಎಂಬ ನಿಯಮ ಫಾಂಟಿನೊಳಗೇ ಇರುತ್ತದೆ, ಅದನ್ನು ಓದಿ ಜೋಡಿಸುವ ಯಂತ್ರ ಸಾಫ್ಟ್‌ವೇರಿನಲ್ಲಿ ಇರಬೇಕು. ಇಂಕ್‌ಸ್ಕೇಪಿನಲ್ಲಿ ಅದಿದೆ. ಅಲ್ಲಿ ಬಾಲೂ ತಮ್ಮ ಫಾಂಟಿನಲ್ಲಿ ಹೊಡೆದು, ಅಕ್ಷರವನ್ನು ಗೆರೆಯಾಗಿ ಪರಿವರ್ತಿಸಿ, ಎಸ್‌ವಿಜಿ ಫೈಲಾಗಿ ಉಳಿಸಿ ಬ್ಲೆಂಡರಿಗೆ ತಂದರೆ ಗುಂಡಗೆ ಬಂದು ಕೂರುತ್ತದೆ. ಬಾಲೂ ತಮ್ಮ ಮುಂಬಯಿಯ ಏಕ್ ಟೈಪ್‌ನವರು ಮಾಡಿ ಮುಕ್ತವಾಗಿ ಬಿಟ್ಟದ್ದು. ಅದರ ದುಂಡು ಹೊಟ್ಟೆಯ ಅಕ್ಷರಗಳು ಮಕ್ಕಳ ಕತೆಗೆ ಬಹಳ ಹೊಂದುತ್ತವೆ.

ರೆಂಡರ್ ಮಾಡುವಾಗ, ಎಂದರೆ ಮಾಡಿದ್ದನ್ನೆಲ್ಲ ಬ್ಲೆಂಡರಿನಿಂದ ಅಂತಿಮ ಚಿತ್ರವಾಗಿ ಹೊರತೆಗೆಯುವಾಗ, ನೇರ ವಿಡಿಯೊ ಮಾಡದೆ ಚೌಕಟ್ಟಿಗೊಂದು ಚಿತ್ರವಾಗಿ ತೆಗೆದೆ. ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ 6000 ಚಿತ್ರ, ಒಂದಕ್ಕೆ ಮೂರು ಸೆಕೆಂಡು, ಒಟ್ಟು ಐದು ತಾಸು. 3412ನೆಯದಕ್ಕೆ ಕರೆಂಟು ಹೋಯಿತು. ವಿಡಿಯೊ ಮಾಡಲು ಹಚ್ಚಿದ್ದರೆ ಎಲ್ಲ ಮತ್ತೆ ಮೊದಲಿನಿಂದ. ಬಂದ ಮೇಲೆ 3412ರಿಂದಲೇ ಮುಂದುವರಿಸಿದೆ.

ದೀಪಾವಳಿಗೆ ಅಕ್ಕ, ಮಗಳು ಬಂದಾಗ ಪಡಸಾಲೆಯ ಗೋಡೆಗೆ ಬಿಳಿ ಪಂಚೆ ಕಟ್ಟಿ, ಪ್ರೊಜೆಕ್ಟರು ಬಾಡಿಗೆಗೆ ತಂದು ತೋರಿಸಿದೆ. ಹುಡುಗಿ ನಾಲ್ಕನೆಯ "ಬಾಗಲಾ ತಗಿಯವ್ವಾ"ಗೆ ತಾನೂ ಕೂಗಿದಳು. ಅಜ್ಜಿ ಕಾಗಕ್ಕನ ಬಾಯಲ್ಲಿ ತನ್ನ ದನಿ ಕೇಳಿ ಮೊದಲು ಸುಮ್ಮನೆ ಕೂತಳು. ಕೊನೆಗೆ ಬೀಸುವ ಪದದ ಮೇಲೆ ಹೆಸರುಗಳು ಮೇಲೇರತೊಡಗಿದವು. "ಯಾರವು ಇವೆಲ್ಲಾ?" ಎಂದಳು. ಓದಿ ಹೇಳಿದೆ: ಇವರು ಮಳೆ ಕೊಟ್ಟವರು, ಇವರು ಗುಡುಗು, ಇವರು ಕದ ಬಡಿಯೋದು, ಇವರು ಅಕ್ಷರ.

"ಮಳಿನೂ ಕೊಟ್ಟಾರೇನು?"

"ಹೂಂ ಬೇ. ರೊಕ್ಕಾ ತಗೊಂಡಿಲ್ಲ, ಹೆಸರು ಹೇಳು ಅಂದಾರ ಅಷ್ಟ."

ಬೀಸುಕಲ್ಲಿನ ಸದ್ದನ್ನು ಫ್ರೀಸೌಂಡಿಗೆ ಹಾಕಿದ್ದೇನೆ, ಅವರು ಪರಿಶೀಲಿಸಿ ಎಲ್ಲರಿಗೂ ತೆರೆದಿಟ್ಟಿದ್ದಾರೆ, ಇನ್ನು ಮುಂದೆ ಹುಡುಕಿದವರಿಗೆ ಅದು ಸಿಗುತ್ತದೆ ಎಂದೆ. ಪದವನ್ನೂ ಹಾಗೆ ಕೊಡಬಹುದಾ, ನಿನ್ನ ಹೆಸರಿನಲ್ಲಿ, ಎಂದು ಕೇಳಿದೆ. ಪರದೆಯ ಮೇಲೆ ಆಗ ಅಜ್ಜಿಯ ಹೆಸರೇ ಬರುತ್ತಿತ್ತು, ಹಾಡಿದವರು ಎಂದು.

"ಕೊಡು, ಅದಕ್ಕೇನ. ಆದ್ರ ನನ್ನ ಹೆಸರು ಯಾಕ ಹಾಕೀದಿ? ಪದ ನಮ್ಮವ್ವಂದು. ಆಕಿ ಕಲಿಸಿದ್ದು. ಆಕಿ ಹೆಸರು ಹಾಕು."

ಹಾಡಿದವರು ಎಂಬ ಸಾಲು ಹಾಗೆಯೇ ಬಿಟ್ಟು ಅದರ ಕೆಳಗೆ ಕಲಿಸಿದವರು ಎಂದು ಇನ್ನೊಂದು ಸಾಲು ಸೇರಿಸಿದೆ. ಆ ಹೆಸರನ್ನು ಅಜ್ಜಿಯ ಬಾಯಿಂದಲೇ ಮೊದಲ ಸಲ ಕೇಳಿದ್ದು. ಮನೆಯ ಯಾವ ಕಾಗದದಲ್ಲೂ ಅದಿಲ್ಲ. ನಡುವೆ ಒಂದು ಒತ್ತಕ್ಷರ ಇತ್ತು. ಇಂಕ್‌ಸ್ಕೇಪಿನಲ್ಲಿ ಹೊಡೆದು, ಗೆರೆ ಮಾಡಿ, ಬ್ಲೆಂಡರಿಗೆ ತಂದು, ಕೊನೆಯ ಹದಿನಾಲ್ಕು ಸೆಕೆಂಡಿನ 336 ಚೌಕಟ್ಟನ್ನು ಮತ್ತೆ ರೆಂಡರಿಗೆ ಹಚ್ಚಿದೆ. ಹದಿನೇಳು ನಿಮಿಷ ಆಯಿತು. ಅಜ್ಜಿ ಪಕ್ಕದಲ್ಲೇ ಕೂತಿದ್ದಳು.